ಜಾತಿ ತಾರತಮ್ಯದ ದೂರು: ಬರೆಯುವುದು ಹೇಗೆ, ಅದು ಸಾಗುವ ದಾರಿ ಯಾವುದು

ಅಂಗಡಿಯಲ್ಲಿ, ಹೋಟೆಲಿನಲ್ಲಿ, ದೇವಸ್ಥಾನದ ಬಾಗಿಲಲ್ಲಿ ಜಾತಿಯ ಕಾರಣಕ್ಕೆ ಅವಮಾನಕ್ಕೆ ಒಳಗಾದವರು ದೂರು ಬರೆಸಲು ಬಂದಾಗ ಆಡುವ ಮೊದಲ ಮಾತು ಬಹುಮಟ್ಟಿಗೆ ಒಂದೇ: ‘ನಮ್ಮೂರಾಗ ಮೊದ್ಲಿಂದಾನೂ ಹಿಂಗೇ ನಡ್ಕೊಂಡು ಬಂದೈತಿ.’ ಮಾತು ನಿಜವೇ ಇರಬಹುದು. ಆದರೆ ದೂರಿನ ಮೊದಲ ಸಾಲೂ ಅದೇ ಆಗಿಬಿಟ್ಟರೆ ಪ್ರಕರಣ ಅಲ್ಲಿಂದಲೇ ಸಡಿಲವಾಗತೊಡಗುತ್ತದೆ. ಕಾನೂನು ಶಿಕ್ಷಿಸುವುದು ಇಂಥ ದಿನ, ಇಂಥ ಜಾಗದಲ್ಲಿ, ಇಂಥವರು ಮಾಡಿದ ಕೃತ್ಯವನ್ನು. ತಲೆತಲಾಂತರದ ಪದ್ಧತಿಯನ್ನು ಕಟಕಟೆಗೆ ಹತ್ತಿಸಲು ಅದಕ್ಕೆ ಬಾರದು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಿಂದ ಬಂದವರಿಗೆ ಇಂಥ ಅರ್ಜಿಗಳನ್ನು ಬರೆದುಕೊಡುವಾಗ ನನ್ನ ಅರ್ಧ ಸಮಯ ಹೋಗುವುದು ‘ಯಾವಾಗಲೂ’ ಎಂಬ ಪದವನ್ನು ಒಂದು ತಾರೀಖಿಗೆ ಇಳಿಸುವುದರಲ್ಲಿ. ಉಳಿದರ್ಧ ಹೋಗುವುದು ಆ ಕಾಗದ ಯಾವ ಕಚೇರಿಗೆ, ಯಾವ ಹೆಸರಿಗೆ, ಎಷ್ಟು ದಿನದೊಳಗೆ ಹೋಗಬೇಕೆಂಬುದನ್ನು ತಿಳಿಸುವುದರಲ್ಲಿ. ಈ ಬರಹದಲ್ಲಿಯೂ ಆ ಎರಡನ್ನೇ ವಿವರವಾಗಿ ಹೇಳಿದ್ದೇನೆ.

ಯಾವ ಕಚೇರಿ

ಕರ್ನಾಟಕದಲ್ಲಿ ಈ ಕೆಲಸಕ್ಕೆಂದೇ ಇರುವ ಸಂಸ್ಥೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ. ಪೊಲೀಸರ ಬಾಯಲ್ಲಿ, ವಕೀಲರ ಬಾಯಲ್ಲಿ, ಈಗೀಗ ಊರ ಜನರ ಬಾಯಲ್ಲಿಯೂ ಅದು ‘ಡಿಸಿಆರ್‌ಇ’. ಇದು ರಾಜ್ಯ ಪೊಲೀಸ್ ವ್ಯವಸ್ಥೆಯದೇ ಒಂದು ಅಂಗವಾಗಿದ್ದು, ಹಿರಿಯ ಐಪಿಎಸ್ ಅಧಿಕಾರಿಯೊಬ್ಬರು ಇದರ ಮುಖ್ಯಸ್ಥರಾಗಿರುತ್ತಾರೆ. ದಾವಣಗೆರೆಯಲ್ಲಿ ಬಹುಕಾಲದಿಂದ ಇದರ ಪ್ರಾದೇಶಿಕ ಘಟಕವಿದೆ. ಹಿಂದೆ ಈ ಘಟಕಗಳ ಕೈ ಕಟ್ಟಿದಂತಿತ್ತು. ಅರ್ಜಿ ಬಂದರೆ ವಿಚಾರಣೆ ನಡೆಸಿ, ಹಳ್ಳಿಗೆ ಹೋಗಿ ನೋಡಿ, ವರದಿ ಬರೆಯಬಹುದಿತ್ತು; ಎಫ್‌ಐಆರ್ ದಾಖಲಿಸುವುದು, ತನಿಖೆ ಮಾಡಿ ದೋಷಾರೋಪ ಪಟ್ಟಿ ಸಲ್ಲಿಸುವುದು ಮಾತ್ರ ಸ್ಥಳೀಯ ಠಾಣೆಗಳ ಕೆಲಸವಾಗಿತ್ತು. 2025ರಲ್ಲಿ ಜಿಲ್ಲೆಗೊಂದರಂತೆ, ಬೆಂಗಳೂರಿಗೆ ಹೆಚ್ಚುವರಿಯಾಗಿ ಸೇರಿಸಿ, ನಿರ್ದೇಶನಾಲಯದ ಅಡಿಯಲ್ಲಿ ಒಟ್ಟು 33 ವಿಶೇಷ ಪೊಲೀಸ್ ಠಾಣೆಗಳು ಬಂದ ಮೇಲೆ ಈ ಕಚೇರಿಗೇ ಠಾಣೆಯ ಅಧಿಕಾರ ದೊರೆಯಿತು. ದಾವಣಗೆರೆಗೂ ಚಿತ್ರದುರ್ಗಕ್ಕೂ ಒಂದೊಂದು ಠಾಣೆ ಇದೆ.

ಆದರೆ ಇದರಿಂದ ಒಂದು ಗೊಂದಲವೂ ಹುಟ್ಟಿದೆ. ‘ನಿಮ್ಮ ಕೇಸಿಗೆ ಬೇರೆ ಠಾಣೆ ಆಗಿದೆ, ಅಲ್ಲಿಗೆ ಹೋಗಿ’ ಎಂದು ಹೋಬಳಿಯ ಠಾಣೆಯಿಂದ ಹೇಳಿಸಿಕೊಂಡು ಮೊಳಕಾಲ್ಮುರಿನಿಂದಲೋ ಜಗಳೂರಿನಿಂದಲೋ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರಬೇಕಾಗಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದ ಯಾವ ಠಾಣೆಯೂ ಅದನ್ನು ದಾಖಲಿಸಿಕೊಳ್ಳಲೇಬೇಕು. ಘಟನೆ ತನ್ನ ಸರಹದ್ದಿನಲ್ಲಿ ನಡೆದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ, ಏಕೆಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಎಲ್ಲಿಯೇ ನಡೆದಿರಲಿ ಮಾಹಿತಿಯನ್ನು ಸ್ವೀಕರಿಸಬೇಕೆನ್ನುತ್ತದೆ. ದಾಖಲಾದ ಮೇಲೆ ಕಡತವನ್ನು ವಿಶೇಷ ಠಾಣೆಗೆ ವರ್ಗಾಯಿಸುವುದು ಪೊಲೀಸರ ಕೆಲಸ. ದೂರುದಾರನು ಕಡತ ಹೊತ್ತು ತಿರುಗಬೇಕಾಗಿಲ್ಲ.

ಎರಡು ಕಾನೂನು, ಒಂದು ವ್ಯತ್ಯಾಸ

ನಿರ್ದೇಶನಾಲಯ ಕೆಲಸ ಮಾಡುವುದು ಮುಖ್ಯವಾಗಿ ಎರಡು ಕಾಯ್ದೆಗಳ ಬಲದ ಮೇಲೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದುಪಡಿಸಿದ ಬೆನ್ನಿಗೆ ಬಂದ 1955ರ ಕಾಯ್ದೆ ಮೊದಲನೆಯದು. ಮೊದಲು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೆಂದಿದ್ದ ಅದಕ್ಕೆ 1976ರ ತಿದ್ದುಪಡಿಯಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂತು. ಎರಡನೆಯದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989. ಜನ ‘ಅಟ್ರಾಸಿಟಿ ಕೇಸು’ ಎನ್ನುವುದು ಇದರಡಿಯ ಪ್ರಕರಣವನ್ನು.

ಮೊದಲನೆಯದರಲ್ಲಿ ಶಿಕ್ಷೆ ಕಡಿಮೆ: ಮೊದಲ ಅಪರಾಧಕ್ಕೆ ಒಂದು ತಿಂಗಳಿಂದ ಆರು ತಿಂಗಳವರೆಗೆ ಕಾರಾಗೃಹ ವಾಸ, ಜೊತೆಗೆ 100ರಿಂದ 500 ರೂಪಾಯಿ ದಂಡ. ಈಗಿನ ಕಾಲಕ್ಕೆ ಆ ದಂಡದ ಮೊತ್ತ ನಗೆ ತರಿಸುವಂಥದ್ದು. ಊರ ಹಬ್ಬದ ಚಂದಾಕ್ಕೂ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಎರಡನೆಯದರಲ್ಲಿ ಜಾತಿ ನಿಂದನೆ, ಬಹಿಷ್ಕಾರ, ಪ್ರವೇಶ ನಿರಾಕರಣೆಯಂಥ ಕೃತ್ಯಗಳಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆಯಿದೆ, ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನಿಗೆ ಅದರ 18ನೇ ಕಲಂ ತಡೆ ಹಾಕುತ್ತದೆ, ಸಂತ್ರಸ್ತರಿಗೆ ಪರಿಹಾರವೂ ಇದೆ. ಹಾಗಾಗಿ ಎಲ್ಲರೂ ಎರಡನೆಯದನ್ನೇ ಕೇಳುವುದು ಸಹಜ.

ಆದರೂ ಹಳೆಯ ಕಾಯ್ದೆಯನ್ನು ಮರೆಯಬಾರದು ಎಂಬುದಕ್ಕೆ ಎರಡು ಕಾರಣಗಳಿವೆ, ಎರಡೂ ನಮ್ಮ ಜಿಲ್ಲೆಗಳಿಗೆ ತೀರಾ ಸಂಬಂಧಪಟ್ಟವು. 1989ರ ಕಾಯ್ದೆಯಡಿ ಆರೋಪಿಯಾಗುವವನು ಪರಿಶಿಷ್ಟ ಜಾತಿಗೂ ಪಂಗಡಕ್ಕೂ ಸೇರದವನಾಗಿರಬೇಕು. ಮಾಯಕೊಂಡ, ಹೊಳಲ್ಕೆರೆ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೂ ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಪರಿಶಿಷ್ಟ ಪಂಗಡಕ್ಕೂ ಮೀಸಲಾಗಿರುವುದನ್ನು ನೆನೆದರೆ, ಎರಡೂ ಪಟ್ಟಿಗಳ ಸಮುದಾಯಗಳು ಇಲ್ಲಿ ಎಷ್ಟು ದಟ್ಟವಾಗಿ, ಅಕ್ಕಪಕ್ಕದಲ್ಲೇ ಬದುಕುತ್ತಿವೆ ಎಂಬುದು ತಿಳಿಯುತ್ತದೆ. ತಡೆದವನೂ ತಡೆಸಿಕೊಂಡವನೂ ಇಬ್ಬರೂ ಪಟ್ಟಿಯಲ್ಲಿರುವ ಸಮುದಾಯದವರೇ ಆಗಿದ್ದರೆ ಅಟ್ರಾಸಿಟಿ ಕಾಯ್ದೆ ಅನ್ವಯಿಸುವುದಿಲ್ಲ. ಅಷ್ಟಕ್ಕೇ ಕೈಚೆಲ್ಲಿ ಎದ್ದು ಹೋದವರನ್ನು ನಾನು ಕಂಡಿದ್ದೇನೆ. 1955ರ ಕಾಯ್ದೆ ಆರೋಪಿಯ ಜಾತಿಯನ್ನು ಕೇಳುವುದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ತಡೆದವರು ಯಾರೇ ಆಗಿರಲಿ, ಅದರಡಿ ದೂರು ನಿಲ್ಲುತ್ತದೆ.

ಎರಡನೆಯ ಕಾರಣ ಅದರ 12ನೇ ಕಲಮಿನಲ್ಲಿದೆ. ಕ್ಷೌರ ಮಾಡಲು ಒಪ್ಪದವನು ‘ಜಾತಿ ನೋಡಲಿಲ್ಲ ಸ್ವಾಮಿ, ಕತ್ತರಿ ಮೊಂಡಾಗಿತ್ತು’ ಎಂದರೆ ಏನು ಮಾಡುವುದು? ಕಾಯ್ದೆಯಲ್ಲಿ ಹೇಳಿದ ಕೃತ್ಯ ಪರಿಶಿಷ್ಟ ಜಾತಿಯ ವ್ಯಕ್ತಿಯ ವಿಷಯದಲ್ಲಿ ನಡೆದಿದ್ದರೆ ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು ಎಂದು ಆ ಕಲಂ ಹೇಳುತ್ತದೆ. ಇನ್ನೊಬ್ಬನ ಮನಸ್ಸಿನ ಒಳಗನ್ನು ದೂರುದಾರನು ಸಾಬೀತುಪಡಿಸಬೇಕಾಗಿಲ್ಲ. ಸೇವೆ ನಿರಾಕರಿಸಿದವನಿಗೆ ಶಿಕ್ಷೆಯಾದರೆ ಅವನ ವ್ಯಾಪಾರದ ಪರವಾನಗಿಯನ್ನು ಅಮಾನತಿನಲ್ಲಿಡಲು ಅಥವಾ ರದ್ದುಪಡಿಸಲು 8ನೇ ಕಲಂ ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. ಹೋಟೆಲಿನವರಿಗೆ 500 ರೂಪಾಯಿ ದಂಡಕ್ಕಿಂತ ಈ ಭಯ ದೊಡ್ಡದು.

ಆದ್ದರಿಂದ ದೂರಿನ ಕೊನೆಯಲ್ಲಿ ‘ಈ ಕೃತ್ಯಕ್ಕೆ ಅನ್ವಯವಾಗುವ ಎರಡೂ ಕಾಯ್ದೆಗಳ ಕಲಂಗಳಡಿ ಕ್ರಮ ಜರುಗಿಸಬೇಕು’ ಎಂದು ಬರೆದರೆ ಸಾಕು. ಕಲಂ ಸಂಖ್ಯೆ ತಪ್ಪಿದರೆ ದೂರು ಕೆಡುವುದಿಲ್ಲ. ಸಂಖ್ಯೆ ಹುಡುಕುವುದು ಪೊಲೀಸರ ಕೆಲಸ. ಕೆಲವರು ಮೊಬೈಲಿನಲ್ಲಿ ಹುಡುಕಿ ಹತ್ತು ಹನ್ನೆರಡು ಕಲಂಗಳನ್ನು ಸಾಲಾಗಿ ಬರೆಸುತ್ತಾರೆ, ನಡೆದದ್ದಕ್ಕೆ ಎರಡು ಸಾಲು ಮಾತ್ರ ಉಳಿಸುತ್ತಾರೆ. ಇದು ಹಿಂದುಮುಂದಾದ ಲೆಕ್ಕ.

ಕಾಗದ ಬರೆಯುವುದು

ಜಗಳೂರು ತಾಲ್ಲೂಕಿನ ಒಂದು ಹಳ್ಳಿ, ಅಲ್ಲಿಯ ಬಸ್ ನಿಲ್ದಾಣದ ಪಕ್ಕದ ಒಂದು ಕಟಿಂಗ್ ಶಾಪ್ ಎಂದು ಇಟ್ಟುಕೊಳ್ಳಿ. ಅಲ್ಲಿ ಕೇರಿಯವರಿಗೆ ಕ್ಷೌರ ಮಾಡುವುದಿಲ್ಲ. ಅವರು ಪಟ್ಟಣಕ್ಕೆ ಹೋಗಿ ಬರುತ್ತಾರೆ. ಮೂವತ್ತು ವರ್ಷದಿಂದ ಹೀಗೇ. ಈ ಮೂವತ್ತು ವರ್ಷವನ್ನು ದೂರಿನ ಕೊನೆಯ ಪ್ಯಾರಾದಲ್ಲಿ ಒಂದು ಸಾಲಿನಲ್ಲಿ ಹೇಳಬಹುದು. ಮೊದಲ ಪ್ಯಾರಾದಲ್ಲಿ ಇರಬೇಕಾದದ್ದು ಇಂಥ ತಾರೀಖು, ಇಂಥ ವಾರ, ಬೆಳಿಗ್ಗೆ ಸುಮಾರು ಇಷ್ಟು ಗಂಟೆಗೆ ನಾನು ಆ ಅಂಗಡಿಗೆ ಹೋದೆ, ಕುರ್ಚಿ ಖಾಲಿ ಇತ್ತು, ಕ್ಷೌರ ಮಾಡಿ ಎಂದು ಕೇಳಿದೆ, ಅವರು ಹೀಗೆಂದರು, ನನ್ನ ನಂತರ ಬಂದ ಇಂಥವರಿಗೆ ಕ್ಷೌರ ಮಾಡಿದರು, ಅದನ್ನು ಇಂಥಿಂಥವರು ನೋಡಿದರು ಎಂಬ ವಿವರ. ‘ನನ್ನ ನಂತರ ಬಂದವರಿಗೆ ಮಾಡಿದರು’ ಎಂಬ ಒಂದು ವಾಕ್ಯಕ್ಕೆ ಎಷ್ಟು ತೂಕವಿದೆಯೆಂದರೆ, ಬೇರೆಲ್ಲ ಮರೆತರೂ ಅದನ್ನು ಮರೆಯಬಾರದು. ತಾರತಮ್ಯವೆಂದರೆ ಇಬ್ಬರನ್ನು ಎರಡು ಬಗೆಯಲ್ಲಿ ನಡೆಸಿಕೊಳ್ಳುವುದು. ಎರಡನೆಯವನು ಕಾಗದದ ಮೇಲೆ ಇಲ್ಲದಿದ್ದರೆ ತಾರತಮ್ಯ ಕಾಣುವುದು ಹೇಗೆ?

ಆಡಿದ ಮಾತುಗಳನ್ನು ಆಡಿದ ಹಾಗೆಯೇ ಬರೆಯಬೇಕು. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂಬ ಠಾಣೆಯ ಸಿದ್ಧ ವಾಕ್ಯ ಓದಲು ಗೌರವಯುತವಾಗಿದೆ, ಪ್ರಯೋಜನಕ್ಕೆ ಮಾತ್ರ ಬಾರದು. ಜಾತಿಯ ಹೆಸರು ಹಿಡಿದು ಬೈದರೆ ಅದೇ ಒಂದು ಅಪರಾಧವಾಗಿರುವುದರಿಂದ ಆ ಹೆಸರು, ಆ ಬೈಗುಳ ಕಾಗದದಲ್ಲಿ ಇರಲೇಬೇಕು. ಬರೆಸುವಾಗ ಹೆಣ್ಣುಮಕ್ಕಳು ತಲೆ ತಗ್ಗಿಸುವುದುಂಟು, ಬರೆಯುವವನ ಕೈಯೂ ಹಿಂಜರಿಯುವುದುಂಟು, ಆದರೂ ಬರೆಯಬೇಕು.

ಎಲ್ಲಿ ಬೈದರು ಎಂಬುದೂ ಅಷ್ಟೇ ಮುಖ್ಯ. ನಿಂದನೆ ‘ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ’ ನಡೆದಿರಬೇಕೆಂದು 1989ರ ಕಾಯ್ದೆ ಹೇಳುತ್ತದೆ. ಮನೆಯ ನಾಲ್ಕು ಗೋಡೆಗಳ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಉತ್ತರಾಖಂಡದ ಹಿತೇಶ್ ವರ್ಮಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಜಗಲಿ, ಕಣ, ಬೀದಿ, ಡೇರಿಯ ಮುಂದಿನ ಕಟ್ಟೆ, ಪಂಚಾಯಿತಿ ಕಚೇರಿ ಇವೆಲ್ಲವೂ ಬೇರೆಯೇ ಮಾತು. ಆದ್ದರಿಂದ ನಿಂತ ಜಾಗ, ಅಲ್ಲಿಂದ ರಸ್ತೆ ಕಾಣುತ್ತಿತ್ತೇ, ಯಾರು ಯಾರು ಕೇಳಿಸಿಕೊಂಡರು ಎಂಬುದನ್ನು ಬರೆಯಿರಿ. ಕೇಳಿಸಿಕೊಂಡವರಲ್ಲಿ ನಿಮ್ಮ ಮನೆಯವರಲ್ಲದ ಒಬ್ಬರಾದರೂ ಇದ್ದರೆ ಪ್ರಕರಣ ಗಟ್ಟಿಯಾಗುತ್ತದೆ.

ಹೇಳಲೇಬೇಕಾದ ಇನ್ನೊಂದು ಮಾತಿದೆ, ಕೆಲವರಿಗೆ ಕಹಿ ಎನಿಸಬಹುದು. ಇಲ್ಲದ್ದನ್ನು ಸೇರಿಸಬೇಡಿ. ಬೈದದ್ದು ನಿಜ, ಆದರೆ ‘ಹೊಡೆದರು ಅಂತ ಒಂದು ಮಾತು ಸೇರ್ಸಿ, ಕೇಸು ಗಟ್ಟಿಯಾಗ್ತೈತಿ’ ಎಂದು ಸಲಹೆ ಕೊಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ವೈದ್ಯಕೀಯ ಪರೀಕ್ಷೆಯಲ್ಲಿ ಗಾಯ ಸಿಗದಿದ್ದರೆ ಆ ಒಂದು ಸುಳ್ಳು ಉಳಿದ ಒಂಬತ್ತು ನಿಜವನ್ನೂ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ನಿಜವಾಗಿಯೂ ಪೆಟ್ಟು ಬಿದ್ದಿದ್ದರೆ ಠಾಣೆಗೆ ಹೋಗುವ ಮೊದಲೋ ನಂತರವೋ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ, ದಾವಣಗೆರೆಯವರಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಜಗಳದಲ್ಲಿ ಆದ ಗಾಯವೆಂದು ಸ್ಪಷ್ಟವಾಗಿ ಹೇಳಿ ನೋಂದಾಯಿಸಿಕೊಳ್ಳಬೇಕು. ಬಿದ್ದು ಆದ ಗಾಯವೆಂದು ಹೇಳಿ ಚಿಕಿತ್ಸೆ ಪಡೆದರೆ ಆ ಚೀಟಿ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಜಾತಿ ಪ್ರಮಾಣಪತ್ರದ ಪ್ರತಿ, ಇದ್ದರೆ ಫೋಟೊ, ವಿಡಿಯೊ, ಧ್ವನಿ ಮುದ್ರಣ ಇವನ್ನು ಜೊತೆಗಿಡಿ; ಮೂಲ ಮುದ್ರಣವಿರುವ ಮೊಬೈಲನ್ನು ಅಳಿಸದೆ ಉಳಿಸಿಕೊಳ್ಳಿ. ಪ್ರಮಾಣಪತ್ರ ಕೈಯಲ್ಲಿಲ್ಲವೆಂದು ದೂರನ್ನು ತಡಮಾಡಬೇಡಿ. ನಾಡಕಚೇರಿಯಿಂದ ಅದನ್ನು ಆಮೇಲೆ ತಂದುಕೊಡಬಹುದು, ಕಳೆದ ದಿನಗಳನ್ನು ತರಲಾಗುವುದಿಲ್ಲ. ತಡವಾಗಿಯೇ ಹೋಗಿದ್ದರೆ ಏಕೆ ತಡವಾಯಿತೆಂದು, ಹಿರಿಯರು ರಾಜಿ ಮಾಡಿಸುತ್ತೇವೆಂದು ನಾಲ್ಕು ದಿನ ಕೂರಿಸಿದ್ದರೆ ಹಾಗೆಂದೇ, ದೂರಿನಲ್ಲಿ ಬರೆಯಬೇಕು. ಬರೆಯದಿದ್ದರೆ ಆ ನಾಲ್ಕು ದಿನವನ್ನು ಎದುರು ವಕೀಲರು ‘ಕಥೆ ಕಟ್ಟಲು ಬಳಸಿಕೊಂಡ ಸಮಯ’ ಎನ್ನುತ್ತಾರೆ.

ಠಾಣೆಯ ಮೆಟ್ಟಿಲಿನಿಂದ ಮುಂದೆ

ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಅದನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕೆಂದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು 1989ರ ಕಾಯ್ದೆಯ 4ನೇ ಕಲಮೂ ಅದರ ನಿಯಮಾವಳಿಯೂ ಹೇಳುತ್ತವೆ. ಈ ಕರ್ತವ್ಯಗಳನ್ನು ಬೇಕೆಂದೇ ಮಾಡದ ಅಧಿಕಾರಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರಾಗಿದ್ದರೆ ಅವರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ ವಿಧಿಸಬಹುದು. ಜಗಳವಾಡುವ ದನಿಯಲ್ಲಿ ಇದನ್ನು ಹೇಳಬೇಕಾಗಿಲ್ಲ. ಗೊತ್ತಿದೆಯೆಂಬುದು ಎದುರಿನವರಿಗೆ ತಿಳಿದರೆ ಸಾಕಾಗುತ್ತದೆ.

‘ಮೊದಲು ವಿಚಾರಣೆ ಮಾಡಿ ನೋಡುತ್ತೇವೆ, ನಿಜವಿದ್ದರೆ ಕೇಸು ಹಾಕುತ್ತೇವೆ’ ಎಂಬ ಉತ್ತರ ಬಂದರೆ ಅದು ಸರಿಯಾದ ಉತ್ತರವಲ್ಲ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು ಅದೇ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಂ ಹೇಳುತ್ತದೆ. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಮೇಲ್ನೋಟಕ್ಕೇ ಅಪರಾಧ ಕಾಣದ ದೂರಿನಲ್ಲಿ ನಿರೀಕ್ಷಣಾ ಜಾಮೀನಿಗೆ ತಡೆಯಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ದೂರಿನ ಮೊದಲ ಪುಟದಲ್ಲೇ ತಾರೀಖು, ಜಾಗ, ಮಾತು ಸ್ಪಷ್ಟವಾಗಿರಬೇಕೆಂದು ನಾನು ಇಷ್ಟೊತ್ತು ಹಟ ಹಿಡಿದದ್ದು ಇದಕ್ಕಾಗಿಯೇ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ಕಾಯ್ದೆಯಡಿಯ 1995ರ ನಿಯಮಾವಳಿಯ 5ನೇ ನಿಯಮದಂತೆ ಅದನ್ನೇ ಲಿಖಿತವಾಗಿ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು. ಒಂದು ಪ್ರತಿಯನ್ನು ನಿರ್ದೇಶನಾಲಯದ ಠಾಣೆಗೂ ಇನ್ನೊಂದನ್ನು ಜಿಲ್ಲಾಧಿಕಾರಿಗೂ ಹಾಕಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿರುವುದರಿಂದ ಈಗ ಸ್ಪೀಡ್ ಪೋಸ್ಟ್‌ನಲ್ಲಿಯೇ ಕಳಿಸಿ, ರಸೀದಿಯನ್ನು ರೇಷನ್ ಕಾರ್ಡಿನಷ್ಟು ಜೋಪಾನವಾಗಿಡಿ. ಕೈಯಲ್ಲೇ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ಪೊಲೀಸ್ ವರಿಷ್ಠಾಧಿಕಾರಿಯಿಂದಲೂ ಕ್ರಮವಾಗದಿದ್ದರೆ ನ್ಯಾಯಾಲಯದ ಮೊರೆ ಹೋಗುವ ದಾರಿಯಿದೆ. ಆಗ ನ್ಯಾಯಾಲಯ ಮೊದಲು ಕೇಳುವುದು ಈ ರಸೀದಿಗಳನ್ನೇ. ಊರಿನಿಂದ ಹೊರಗೆ ಬರಲೂ ಭಯವಿರುವ ಸ್ಥಿತಿಯಲ್ಲಿ 112ಕ್ಕೆ, ಅಥವಾ ದೌರ್ಜನ್ಯ ತಡೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14566ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಎಫ್‌ಐಆರ್ ಆದ ಮೇಲೆ ತನಿಖಾಧಿಕಾರಿ ಸ್ಥಳಕ್ಕೆ ಬಂದು ಪಂಚರ ಮುಂದೆ ಮಹಜರು ಮಾಡುತ್ತಾರೆ, ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಾರೆ. ನಿಯಮಾವಳಿಯ ಪ್ರಕಾರ ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದ ನಡೆಯಬೇಕು, 60 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಬೇಕು. ಎಫ್‌ಐಆರ್‌ನ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, 60ನೇ ದಿನಕ್ಕೆ ಇನ್ನೊಂದು ಗುರುತು ಹಾಕಿ. ಆ ದಿನ ದಾಟಿದರೆ ವಿಳಂಬದ ಕಾರಣ ಕೇಳಿ ಒಂದು ಪುಟದ ಅರ್ಜಿ ಕೊಡಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳಲ್ಲಿ ಉತ್ತರಿಸಬೇಕಾಗುತ್ತದೆ. ತನಿಖೆಯ ಕೊನೆಯಲ್ಲಿ ‘ಬಿ’ ರಿಪೋರ್ಟ್ ಹೋದರೆ, ಅಂದರೆ ಆರೋಪಕ್ಕೆ ಆಧಾರವಿಲ್ಲವೆಂದು ಪೊಲೀಸರು ವರದಿ ಕೊಟ್ಟರೆ, ದೂರುದಾರನಿಗೆ ನೋಟಿಸ್ ಬರುತ್ತದೆ. ಅದನ್ನು ಕೇಸು ಮುಗಿದ ಪತ್ರವೆಂದು ತಿಳಿದು ಸೂರಿಗೆ ಸಿಕ್ಕಿಸಿ ಮರೆಯುವವರೇ ಹೆಚ್ಚು. ವಾಸ್ತವದಲ್ಲಿ ಅದು ತಕರಾರು ಸಲ್ಲಿಸಲು ನ್ಯಾಯಾಲಯ ಕೊಟ್ಟ ಕರೆ. ಹೇಳಿದ ದಿನ ಹಾಜರಾಗಿ, ಹೇಳಿಕೆ ಪಡೆಯದೆ ಬಿಟ್ಟ ಸಾಕ್ಷಿಗಳು ಯಾರು, ನೋಡದೆ ಬಿಟ್ಟ ದಾಖಲೆ ಯಾವುದು ಎಂದು ತಿಳಿಸಬೇಕು.

ಇದರ ನಡುವೆ ಎರಡು ಸಂಗತಿಗಳು ಬಹುತೇಕ ಖಚಿತವಾಗಿ ನಡೆಯುತ್ತವೆ. ಒಂದು, ಎದುರು ಪಕ್ಷದವರ ಪ್ರತಿದೂರು: ಕಳ್ಳತನ, ಹೆಂಗಸರ ಮೇಲೆ ಕೈಮಾಡಿದ್ದು, ಜಮೀನಿಗೆ ನುಗ್ಗಿದ್ದು ಇತ್ಯಾದಿ. ಗಾಬರಿಯಾಗಬೇಡಿ, ಯಾವ ದೂರು ಯಾವ ಗಂಟೆಗೆ ದಾಖಲಾಯಿತೆಂಬುದು ಎರಡೂ ಎಫ್‌ಐಆರ್‌ಗಳ ಮೇಲಿರುತ್ತದೆ. ಎರಡು, ಶಾಂತಿ ಸಭೆ. ತಹಶೀಲ್ದಾರರು, ಪೊಲೀಸರು ಬಂದು, ಎಲ್ಲರನ್ನೂ ಕೂರಿಸಿ, ಕೇರಿಯ ನಾಲ್ವರನ್ನು ದೇವಸ್ಥಾನದ ಒಳಗೋ ಕಟಿಂಗ್ ಶಾಪಿನ ಕುರ್ಚಿಗೋ ಕರೆದೊಯ್ದು ಫೋಟೊ ತೆಗೆಸುತ್ತಾರೆ. ಸಭೆ ಒಳ್ಳೆಯದೇ, ಹೋಗಿ. ಆದರೆ ಮರುವಾರ, ಅಧಿಕಾರಿಗಳ ಜೀಪು ಇಲ್ಲದ ದಿನ, ಅದೇ ಕುರ್ಚಿಯಲ್ಲಿ ಏನಾಯಿತು ಎಂಬುದನ್ನು ತಾರೀಖಿನೊಂದಿಗೆ ಬರೆದಿಡಿ. ಸಭೆಯ ನಡಾವಳಿಯ ಹೆಸರಿನಲ್ಲಿ ‘ದೂರನ್ನು ಹಿಂಪಡೆಯುತ್ತೇವೆ’ ಎಂಬ ಸಾಲಿಗೆ ಓದದೆ ಸಹಿ ಹಾಕಬೇಡಿ. ಅಟ್ರಾಸಿಟಿ ಕಾಯ್ದೆಯ ಅಪರಾಧಗಳು ಠಾಣೆಯಲ್ಲೋ ಅಶ್ವತ್ಥಕಟ್ಟೆಯಲ್ಲೋ ರಾಜಿಯಾಗಿ ಮುಗಿಯುವಂಥವಲ್ಲ.

ಸಭೆಯ ಮೇಲೆ ನನಗಿಷ್ಟು ಅನುಮಾನವೇಕೆಂದು ಕೇಳುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 2019ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗದ ಅಂದಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ಅವರದೇ ಕ್ಷೇತ್ರಕ್ಕೆ ಸೇರಿದ ಪಾವಗಡ ತಾಲ್ಲೂಕಿನ ಒಂದು ಹಟ್ಟಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಹಾಡಹಗಲು, ಸಂಸದರಿಗೇ ಹೀಗಾಯಿತು. ಒಂದು ದಿನದ ಸಭೆಯಿಂದ ಕೂಲಿಯವನಿಗೆ ಬಾಗಿಲು ತೆರೆಯಿತೆಂದು ನಂಬಲು ಒಂದು ಫೋಟೊ ಸಾಲದು.

ಹಣ ಮತ್ತು ರಕ್ಷಣೆ

ಪರಿಹಾರದ ಮಾತನ್ನು ದೂರುದಾರರು ಸಂಕೋಚದಿಂದ ಕೇಳುತ್ತಾರೆ, ಎದುರಿನವರು ‘ದುಡ್ಡಿಗಾಗಿ ಕೇಸು’ ಎಂದು ಮೂದಲಿಸುತ್ತಾರೆ. ಅದು ನಿಯಮಾವಳಿಯಲ್ಲೇ ಇರುವ ಹಕ್ಕು. ಅಪರಾಧದ ಸ್ವರೂಪಕ್ಕೆ ತಕ್ಕಂತೆ 85,000 ರೂಪಾಯಿಗಳಿಂದ 8,25,000 ರೂಪಾಯಿಗಳವರೆಗೆ ಇದ್ದು, ಸಾಮಾನ್ಯವಾಗಿ ಎಫ್‌ಐಆರ್, ದೋಷಾರೋಪ ಪಟ್ಟಿ, ತೀರ್ಪು ಎಂಬ ಹಂತಗಳಲ್ಲಿ ಕಂತುಕಂತಾಗಿ ಬರುತ್ತದೆ. ತುರ್ತು ಪರಿಹಾರಕ್ಕೆ ಏಳು ದಿನಗಳ ಗಡುವಿದೆ. ಇದನ್ನು ಮಂಜೂರು ಮಾಡುವುದು ಪೊಲೀಸರಲ್ಲ, ಜಿಲ್ಲಾಡಳಿತ. ಕಡತ ಓಡಾಡುವುದು ಸಮಾಜ ಕಲ್ಯಾಣ ಇಲಾಖೆಯಲ್ಲಿ. ಎಫ್‌ಐಆರ್ ಪ್ರತಿ, ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವನ್ನು ಹಿಡಿದು ತಾಲ್ಲೂಕಿನ ಸಮಾಜ ಕಲ್ಯಾಣ ಅಧಿಕಾರಿಯನ್ನು ಕಾಣಬೇಕು. ಮೂರು ತಿಂಗಳಿಗೊಮ್ಮೆಯಾದರೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಸೇರಬೇಕೆಂದಿದೆ. ಕಂತು ತಡವಾದ ವಿಷಯ ಆ ಸಮಿತಿಯ ಸದಸ್ಯರ ಕಿವಿಗೆ ಬಿದ್ದರೆ ಕಡತ ಮೇಜಿನಿಂದ ಮೇಜಿಗೆ ತುಸು ಬೇಗ ಸರಿಯುತ್ತದೆ.

ತೀರಾ ಕಡಿಮೆ ಜನರಿಗೆ ಗೊತ್ತಿರುವ ಹಕ್ಕೆಂದರೆ ಪ್ರಯಾಣ ವೆಚ್ಚದ್ದು. ಮೊಳಕಾಲ್ಮುರಿನ ಹಳ್ಳಿಯಿಂದ ಚಿತ್ರದುರ್ಗದ ವಿಶೇಷ ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಬಂದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು. ನಾಲ್ಕು ವಾಯಿದೆ ಕಳೆಯುವಷ್ಟರಲ್ಲಿ ಸಾಕ್ಷಿಗಳು ಸುಸ್ತಾಗುವುದು ಹೆದರಿಕೆಯಿಂದಲ್ಲ, ಖರ್ಚಿನಿಂದ. ನಿಯಮಾವಳಿಯ 11ನೇ ನಿಯಮದಂತೆ ಸಂತ್ರಸ್ತರಿಗೂ ಸಾಕ್ಷಿಗಳಿಗೂ ಹೋಗಿ ಬರುವ ಪ್ರಯಾಣ ದರ, ಕೃಷಿ ಕಾರ್ಮಿಕರ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ದಿನಭತ್ಯೆ, ಊಟದ ಖರ್ಚು ಸಲ್ಲಬೇಕು. ಮಹಿಳೆಯರು, 60 ವರ್ಷ ದಾಟಿದವರು, ಅಪ್ರಾಪ್ತರು, ಅಂಗವಿಕಲರು ತಮ್ಮ ಆಯ್ಕೆಯ ಒಬ್ಬರನ್ನು ಜೊತೆಗೆ ಕರೆತರಬಹುದು, ಅವರ ಖರ್ಚೂ ಸೇರುತ್ತದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಬಸ್ ಟಿಕೆಟ್ ಎಸೆಯದಿರಿ.

ಆರೋಪಿಗಳ ಜಾಮೀನು ಅರ್ಜಿ ಬಂದಾಗ ಸಂತ್ರಸ್ತರಿಗೆ ಸೂಚನೆ ಕೊಟ್ಟು ಅವರ ಮಾತನ್ನೂ ಕೇಳಬೇಕೆಂದು ಅಟ್ರಾಸಿಟಿ ಕಾಯ್ದೆಯ 15ಎ ಕಲಂ ಹೇಳುತ್ತದೆ. ಬೆದರಿಕೆ ಬಂದರೆ ರಕ್ಷಣೆ ಕೋರಿ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಸರ್ಕಾರದ ಪರ ವಿಶೇಷ ಅಭಿಯೋಜಕರು ವಾದಿಸುತ್ತಾರಾದರೂ ನಿಮ್ಮ ಪರ ಒಬ್ಬ ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ; ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳಲ್ಲಿ ಸಾಧ್ಯವಾದಷ್ಟೂ ವಿಚಾರಣೆ ಮುಗಿಸಬೇಕೆಂದು ಕಾಯ್ದೆಯಲ್ಲಿದೆ. ಅದನ್ನು ಓದಿ ಎರಡೇ ತಿಂಗಳ ಲೆಕ್ಕ ಹಾಕಿಕೊಂಡು ಕೂರಬೇಡಿ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಹತ್ತು ವರ್ಷದ ಮೇಲೆ.

ಇಲ್ಲಿಗೆ ಬಾರದ ದೂರುಗಳು

ಸರ್ಕಾರಿ ಕಚೇರಿಯಲ್ಲಿ ಯಾರಿಗಾದರೂ ಆದ ಅನ್ಯಾಯ, ಪೊಲೀಸ್ ದೌರ್ಜನ್ಯ ಮುಂತಾದವನ್ನು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬೇಕು. ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕೆಂಬುದನ್ನು, ಆಯೋಗ ಶಿಫಾರಸು ಮಾಡಬಹುದೇ ಹೊರತು ಶಿಕ್ಷೆ ವಿಧಿಸಲಾರದೆಂಬುದನ್ನು ನೆನಪಿಡಿ. ಅಂಗವಿಕಲರಿಗೆ ಆಗುವ ತಾರತಮ್ಯಕ್ಕೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು, ಹೆಣ್ಣೆಂಬ ಕಾರಣಕ್ಕೆ ಆಗುವುದಕ್ಕೆ ರಾಜ್ಯ ಮಹಿಳಾ ಆಯೋಗವಿದೆ. ಪರಿಶಿಷ್ಟರ ಬಡ್ತಿ, ನೇಮಕಾತಿ, ಸೌಲಭ್ಯಗಳಲ್ಲಿನ ಅನ್ಯಾಯವನ್ನು ರಾಜ್ಯ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗದ ಮುಂದಿಡಬಹುದು. ಸುಳ್ಳು ಜಾತಿ ಪ್ರಮಾಣಪತ್ರ ಪಡೆದು ಮೀಸಲಾತಿಯ ಕೆಲಸ ಹಿಡಿದವರ ಮೇಲಿನ ದೂರು ಮಾತ್ರ ಮತ್ತೆ ಡಿಸಿಆರ್‌ಇಗೇ ಬರುತ್ತದೆ. ಅದು ತನಿಖೆ ಮಾಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾತಿ ಪರಿಶೀಲನಾ ಸಮಿತಿಗೆ ವರದಿ ಕೊಡುತ್ತದೆ.

ದೂರಿನ ಪ್ರತಿ, ಎಫ್‌ಐಆರ್ ಪ್ರತಿ, ಅಂಚೆ ರಸೀದಿ, ಆಸ್ಪತ್ರೆಯ ಚೀಟಿ, ಬಸ್ ಟಿಕೆಟ್ ಇವೆಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಒಂದೊಂದು ಜೆರಾಕ್ಸ್ ಪ್ರತಿಯನ್ನು ಊರಿನಲ್ಲಲ್ಲದೆ ಬೇರೆ ಊರಿನ ನೆಂಟರ ಮನೆಯಲ್ಲಿ ಇರಿಸಿ.